ನಾಣ್ಯದ ಮೇಲೆ ಕೂತ ನಾಡು

ಇಂದಿರಾನಗರದಿಂದ ಹಳೇ ಏರ್‌ಪೋರ್ಟ್ ರೋಡ್ ಹಿಡಿದು ಮಾರತ್ತಹಳ್ಳಿ ಕಡೆ ಹೋದ್ರೆ ಎಚ್‌ಎಎಲ್ ಸಿಗುತ್ತೆ. ನಮ್ಮಲ್ಲಿ ಅರ್ಧ ಜನಕ್ಕೆ ಅದು ಇಂಟರ್ನ್‌ಶಿಪ್ ಕನಸು, ಉಳಿದವರಿಗೆ ಬರೀ ಟ್ರಾಫಿಕ್ ಜಾಮ್. 1965ರಲ್ಲಿ ಆ ಜಾಗದಲ್ಲಿ 250ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ವು ಅಂತ ಗೊತ್ತಾ? ಅದಕ್ಕೂ ಮುಂಚೆ 1891ರಲ್ಲಿ ಯಶವಂತಪುರದಲ್ಲೂ ಇಂಥದ್ದೇ ನಿಧಿ ಸಿಕ್ಕಿತ್ತು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದ ನಾಣ್ಯಗಳು. ಅಂದ್ರೆ ಸುಮಾರು 2000 ವರ್ಷ ಹಳೆಯವು.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗೋ ಟೈಬೀರಿಯಸ್ ನಾಣ್ಯದ ಹಿಂಬದಿಯಲ್ಲಿ ಒಬ್ಬ ಹೆಂಗಸು ಕುರ್ಚಿ ಮೇಲೆ ಕೂತಿದ್ದಾಳೆ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಒಂದು ಕೊಂಬೆ. ಹೆಸರು ಬರೆದಿಲ್ಲ. ಕೆಲವರು ಅವಳನ್ನು ಶಾಂತಿದೇವತೆ ಅಂತಾರೆ, ಕೆಲವರು ಚಕ್ರವರ್ತಿಯ ತಾಯಿ ಲಿವಿಯಾ ಅಂತಾರೆ. ಹೀಗೆ ಶಾಂತಿ, ಭಾಗ್ಯ, ವಿಜಯ ಎಲ್ಲಕ್ಕೂ ಹೆಣ್ಣಿನ ರೂಪ ಕೊಡೋದು ರೋಮನ್ನರ ರೂಢಿ. ಅದೇ ರೂಢಿಯಲ್ಲಿ ಅವರು ಇಡೀ ದೇಶಗಳನ್ನೂ ಹೆಣ್ಣಾಗಿ ಚಿತ್ರಿಸಿದರು.

ಗುರುತು ಹಿಡಿಯೋದು ಹೇಗೆ?

ನಾಣ್ಯದ ಅಗಲ ಸುಮಾರು 18 ಮಿಲಿಮೀಟರ್. ಅಷ್ಟರಲ್ಲಿ ಒಂದು ದೇಶವನ್ನು ತೋರಿಸಬೇಕು. ಮೊಬೈಲ್ ಆ್ಯಪ್‌ನ ಐಕಾನ್ ಮಾಡೋರಿಗೆ ಇರೋ ಕಷ್ಟವೇ ಇದು. ಪರಿಹಾರ ನಮಗೆ ಗೊತ್ತಿರೋದೇ: ವೀಣೆ ಇದ್ರೆ ಸರಸ್ವತಿ, ಇಲಿ ಇದ್ರೆ ಗಣಪತಿ. ಹೇಡ್ರಿಯನ್ (ಆಳ್ವಿಕೆ 117–138) ತನ್ನ ಪ್ರಾಂತ್ಯಗಳದ್ದೇ ಒಂದು ನಾಣ್ಯಮಾಲೆ ಹೊರಡಿಸಿದ. ಅದರಲ್ಲಿ ಆಫ್ರಿಕಾ ತಲೆ ಮೇಲೆ ಆನೆಯ ಮುಖವಾಡ, ಕೈಯಲ್ಲಿ ಚೇಳು. ಈಜಿಪ್ಟ್ ಕೈಯಲ್ಲಿ ಗಿಲಕಿಯಂಥ ವಾದ್ಯ, ಎದುರಿಗೆ ಐಬಿಸ್ ಹಕ್ಕಿ. ಸ್ಪೇನ್ ಕೈಯಲ್ಲಿ ಆಲಿವ್ ಕೊಂಬೆ, ಪಕ್ಕದಲ್ಲಿ ಮೊಲ. ಎಚ್‌ಎಎಲ್ ನಿಧಿಯ ನಾಣ್ಯಗಳು ಇದಕ್ಕಿಂತ ಹಳೆಯವು, ಹಾಗಾಗಿ ಈ ಹೆಂಗಸರು ಅದರಲ್ಲಿಲ್ಲ.

ಭಂಗಿ ಯಾರದ್ದು, ನಿರ್ಧಾರ ಯಾರದ್ದು?

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮ್ ನಾಶ ಮಾಡಿದ್ರು. ಮರುವರ್ಷವೇ ವೆಸ್ಪಾಸಿಯನ್ ನಾಣ್ಯಗಳಲ್ಲಿ ಜುದೇಯ ಖರ್ಜೂರದ ಮರದ ಕೆಳಗೆ ಅಳ್ತಾ ಕೂತಳು. ಸುತ್ತ 'ಸೆರೆಸಿಕ್ಕ ಜುದೇಯ' ಅನ್ನೋ ಬರಹ. ಹೇಡ್ರಿಯನ್ ಕಾಲಕ್ಕೆ ಅದೇ ಜುದೇಯ ಎದ್ದು ನಿಂತು, ಮಕ್ಕಳ ಜೊತೆ ಅವನನ್ನು ಸ್ವಾಗತಿಸ್ತಾಳೆ. ನೋಡೋಕೆ ಚೆನ್ನಾಗಿದೆ, ಆದ್ರೆ ಎರಡನ್ನೂ ಬಿಡಿಸಿದ್ದು ಗೆದ್ದವರೇ. ಅಲ್ಲಿನ ಜನ 132ರಲ್ಲಿ ದಂಗೆ ಎದ್ದಾಗ ರೋಮನ್ ನಾಣ್ಯಗಳ ಮೇಲೆಯೇ ತಮ್ಮ ಅಚ್ಚು ಒತ್ತಿದ್ರು. ಅದರಲ್ಲಿ ಅಳುವ ಹೆಣ್ಣಿರಲಿಲ್ಲ. ತಮ್ಮ ದೇವಾಲಯ, ದ್ರಾಕ್ಷಿ, ತಮ್ಮ ಹಳೆಯ ಲಿಪಿ ಇದ್ದವು.

ಬ್ರಿಟಾನಿಯಾ ಕಥೆ ಇನ್ನೂ ವಿಚಿತ್ರ. ಅವಳೂ ರೋಮನ್ನರು ಬಿಡಿಸಿದ ಅಧೀನ ಪ್ರಾಂತ್ಯವೇ. 1672ರಲ್ಲಿ ಇಂಗ್ಲಿಷರು ಅವಳನ್ನು ತಮ್ಮ ತಾಮ್ರದ ನಾಣ್ಯಕ್ಕೆ ತಂದ್ರು, ಹೆಮ್ಮೆಯ ಗುರುತು ಮಾಡಿಕೊಂಡ್ರು. 1809ರಲ್ಲಿ ನಮ್ಮ ಕಂಟೋನ್ಮೆಂಟ್ ಕಟ್ಟಿದ್ದು ಅದೇ ಬ್ರಿಟಿಷರು.

ನಮ್ಮಲ್ಲಿ ಅವನೀಂದ್ರನಾಥ ಠಾಕೂರರು 1905ರಲ್ಲಿ ಭಾರತಮಾತೆಯ ಚಿತ್ರ ಬರೆದ್ರು. ಅವಳ ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಟ್ಟೆ, ಜಪಮಾಲೆ ಇವೆ, ಆಯುಧ ಒಂದೂ ಇಲ್ಲ. ಕನ್ನಡಿಗರಿಗೆ ಭುವನೇಶ್ವರಿ ಇದ್ದಾಳೆ. ಅವಳನ್ನು ಹೇಗೆ ಬಿಡಿಸಬೇಕು ಅಂತ ಹೇಳೋಕೆ ಈಗ ಯಾವ ಚಕ್ರವರ್ತಿಯೂ ಇಲ್ಲ, ಪೋಸ್ಟರ್ ಮಾಡೋರು ನಾವೇ. ಈ ಸಲದ ರಾಜ್ಯೋತ್ಸವಕ್ಕೆ ನೆಟ್‌ನಿಂದ ಸಿದ್ಧ ಚಿತ್ರ ಇಳಿಸೋ ಮುಂಚೆ ಒಂದು ನಿಮಿಷ ಯೋಚಿಸೋಣ: ಅವಳ ಕೈಗೆ ಏನು ಕೊಡೋಣ? ಹಲಸೂರಿನಲ್ಲಿ ಮನೇಲಿ ತಮಿಳು, ಶಿವಾಜಿನಗರದಲ್ಲಿ ಉರ್ದು ಮಾತಾಡೋ ನಮ್ಮ ಗೆಳೆಯರಿಗೂ ಅವಳು ನಮ್ಮವಳು ಅನ್ನಿಸಬೇಕಲ್ವಾ?