ಹಳೆಯ ಮನೆ ಕೊಂಡು ಮಾರುವ ವ್ಯಾಪಾರ: ಲಾಭವೆಷ್ಟು, ಅಪಾಯವೆಷ್ಟು?

ಕಾಫಿಗೆ 2024-25ರಲ್ಲಿ ಒಳ್ಳೆಯ ದರ ಬಂದ ಮೇಲೆ, ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಕೆಲವರು ಒಂದು ಪ್ರಶ್ನೆ ಕೇಳುತ್ತಿದ್ದಾರೆ: "ಪೇಟೆಯಲ್ಲಿ ಹಳೆಯ ಮನೆಯೊಂದು ಮಾರಾಟಕ್ಕಿದೆ. ಕೊಂಡು, ರಿಪೇರಿ ಮಾಡಿಸಿ ಮಾರಿದರೆ ಹೇಗೆ?" ಪ್ರಶ್ನೆ ತಪ್ಪಲ್ಲ. ಈ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವರೂ ಇದ್ದಾರೆ. ಆದರೆ ಗಿರಾಕಿಗಳು ಕಡಿಮೆಯಿರುವ ಮಂದ ಮಾರುಕಟ್ಟೆಯಲ್ಲಿ ಇದರ ಲೆಕ್ಕವೇ ಬೇರೆ. ಅದನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ.

ಪಟ್ಟಣದ ಮನೆಯೊಂದನ್ನು 40 ಲಕ್ಷ ರೂಪಾಯಿಗೆ ಕೊಂಡೆವೆಂದು ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ — ಎಲ್ಲ ಸೇರಿ ಶೇ. 7.6, ಅಂದರೆ 3 ಲಕ್ಷದ 4 ಸಾವಿರ. ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ರಿಪೇರಿಗೆ 6 ಲಕ್ಷ. ಅಲ್ಲಿಗೆ 49 ಲಕ್ಷದ 4 ಸಾವಿರವಾಯಿತು. ಇದರಲ್ಲಿ 30 ಲಕ್ಷ ಶೇ. 9ರ ಬಡ್ಡಿಯ ಸಾಲವಾದರೆ ತಿಂಗಳಿಗೆ 22,500 ರೂಪಾಯಿ ಬಡ್ಡಿ.

ಆರು ತಿಂಗಳಲ್ಲಿ 55 ಲಕ್ಷಕ್ಕೆ ಮಾರಾಟವಾದರೆ, ಶೇ. 1ರಂತೆ ದಲ್ಲಾಳಿ ಕಮಿಷನ್ ಕಳೆದು 4 ಲಕ್ಷದ 6 ಸಾವಿರ ಉಳಿಯುತ್ತದೆ. ಅದೇ ಬೆಲೆಗೆ ಮಾರಲು ಹದಿನೆಂಟು ತಿಂಗಳು ಹಿಡಿದರೆ ಉಳಿಯುವುದು 1 ಲಕ್ಷದ 36 ಸಾವಿರ. ಕಾದು ಬೇಸತ್ತು 53 ಲಕ್ಷಕ್ಕೆ ಒಪ್ಪಿದರೆ 62 ಸಾವಿರ ಕೈಬಿಡುತ್ತದೆ. ನಮ್ಮ ಸ್ವಂತ 19 ಲಕ್ಷಕ್ಕೆ ಬ್ಯಾಂಕಿನಲ್ಲಿ ಬರಬಹುದಾಗಿದ್ದ ಬಡ್ಡಿಯನ್ನು ಇಲ್ಲಿ ಹಿಡಿದೇ ಇಲ್ಲ.

ಲಾಭ ಬಂದರೂ ತೆರಿಗೆಯುಂಟು. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಇತರ ಆದಾಯದೊಡನೆ ಸೇರಿ, ಆ ಹಂತದ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಬೇಸಾಯದ ಆದಾಯಕ್ಕಿರುವ ವಿನಾಯಿತಿ ಇದಕ್ಕೆ ಸಲ್ಲದು.

ಅಡಿಕೆಯ ವಿಷಯ ಬೇರೆ. ದರ ಇಳಿದಾಗ ಮೂಟೆ ಕಟ್ಟಿ ಅಟ್ಟಕ್ಕೇರಿಸುತ್ತೇವೆ. ಮಗಳ ಫೀಸಿಗೆ ಬೇಕಾದರೆ ಎರಡು ಮೂಟೆ ಇಳಿಸಿ ಮಾರುತ್ತೇವೆ. ಮನೆಯಲ್ಲಿ ಒಂದು ಕೋಣೆಯನ್ನಷ್ಟೇ ಮಾರಲಾದೀತೆ? ಖಾಲಿ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಹೆಂಚು ಸರಿದು, ಗೋಡೆಗೆ ಬೂಷ್ಟು ಹಿಡಿದು, ಮಾಡಿಸಿದ ಬಣ್ಣವೂ ಹಾಳು. ಬಾಡಿಗೆಗೆ ಕೊಡಬಹುದಾದ ಮನೆಯಾದರೆ ಬಡ್ಡಿಯ ಒಂದಂಶವಾದರೂ ಹುಟ್ಟುತ್ತದೆ. ಆದ್ದರಿಂದ ಅಂಥದನ್ನೇ ಆರಿಸುವುದು ಜಾಣತನ.

ಮಂದ ಮಾರುಕಟ್ಟೆಯ ಅನುಕೂಲ ಕೊಳ್ಳುವವನಿಗೇ ಹೊರತು ಮಾರುವವನಿಗಲ್ಲ. ಲಾಭವೇನಿದ್ದರೂ ಕೊಳ್ಳುವ ದಿನವೇ ಗಿಟ್ಟಿಸಿಕೊಳ್ಳಬೇಕು. ಮನೆಯನ್ನು ಆಷಾಢದ ಮಳೆಯಲ್ಲಿ ನೋಡಿ ಎಂಬುದು ನಮ್ಮ ಸಲಹೆ. ಎಲ್ಲಿ ಸೋರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಆ ತಿಂಗಳು ಗಿರಾಕಿಗಳೂ ಕಡಿಮೆ, ಚೌಕಾಸಿಗೆ ಅವಕಾಶ ಹೆಚ್ಚು. ಒಡೆದ ಹೆಂಚು, ಹಳೆಯ ವೈರಿಂಗ್, ಮಾಸಿದ ಬಣ್ಣ — ಇವು ದುಡ್ಡಿಗೆ ಬಗ್ಗುವ ದೋಷಗಳು. ಪಕ್ಕಾಸಿಗೆ ಹತ್ತಿದ ಗೆದ್ದಲು, ಕುಸಿದ ಪಾಯ ಹಾಗಲ್ಲ. ಕೈ ಹಾಕಿದಷ್ಟೂ ಖರ್ಚು.

ಎಲ್ಲಕ್ಕಿಂತ ಕೆಟ್ಟದ್ದು ಕಾಗದಪತ್ರದ ದೋಷ. ಕನಿಷ್ಠ 30 ವರ್ಷದ ಋಣಭಾರ ಪತ್ರ, ಇ-ಖಾತೆ, ಮೂಲ ಕ್ರಯಪತ್ರ ನೋಡದೆ ಮುಂಗಡ ಕೊಡಬೇಡಿ. ಪಿತ್ರಾರ್ಜಿತ ಮನೆಯಾದರೆ ಪಾಲುದಾರರೆಲ್ಲರ ಸಹಿ ಬೇಕು. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಮದುವೆಯಾಗಿ ದೂರದೂರಿನಲ್ಲಿರುವ ತಂಗಿಯೊಬ್ಬಳ ಸಹಿ ತಪ್ಪಿದರೆ ದಾವೆ ಬೀಳಬಹುದು. ದಾವೆ ಬಿದ್ದ ಮನೆಗೆ ಗಿರಾಕಿ ಎಲ್ಲಿಂದ ಬಂದಾನು?

ಕೊನೆಯದಾಗಿ ಒಂದು ಮಾತು. 2001ರ ಸುಮಾರಿಗೆ ಕಾಫಿ ದರ ನೆಲಕಚ್ಚಿದಾಗ ತೋಟದ ಮೇಲೆ ಸಾಲ ಮಾಡಿದವರು ಪಟ್ಟ ಪಾಡನ್ನು ನಾವು ಮರೆತಿಲ್ಲ. ಮನೆ ಕೊಳ್ಳಲು ತೋಟವನ್ನು ಅಡವಿಡಬೇಡಿ. ಮಾರಾಟ ಎರಡು ವರ್ಷ ತಡವಾದರೂ ಗೊಬ್ಬರ, ಕೂಲಿ, ಔಷಧಿ ಸಿಂಪಡಣೆಗೆ ಅಡ್ಡಿಯಾಗದಷ್ಟು ಹಣ ಕೈಯಲ್ಲಿ ಉಳಿಯುವುದೇ? ಹೌದಾದರೆ ಧೈರ್ಯವಾಗಿ ಮನೆ ನೋಡಲು ಹೋಗಿ. ಇಲ್ಲವಾದರೆ ಆ ಹಣದಲ್ಲಿ ಕೆರೆಯ ಹೂಳು ತೆಗೆಸಿ, ಸತ್ತ ಗಿಡಗಳ ಜಾಗಕ್ಕೆ ಹೊಸ ಸಸಿ ಹಾಕಿ. ಅದಕ್ಕೆ ಗಿರಾಕಿಯನ್ನು ಹುಡುಕಬೇಕಾಗಿಲ್ಲ.