ಸಾಲಿಗ್ರಾಮದ ‘ಸಾಲಿ’ ಯಾವುದು?

ಉಡುಪಿಯಿಂದ ಕುಂದಾಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಸ್ತಾನವನ್ನು ದಾಟಿ ಕೋಟವನ್ನು ಮುಟ್ಟುವ ಮುನ್ನ ಸಿಗುವ ಸಾಲಿಗ್ರಾಮವನ್ನು ಹೊರಗಿನವರು ಗುರುನರಸಿಂಹ ದೇವಾಲಯದಿಂದಲೋ, ಊರಿನ ಹೆಸರು ಹೊತ್ತ ಬಡಗುತಿಟ್ಟಿನ ಯಕ್ಷಗಾನ ಮೇಳದಿಂದಲೋ ಬಲ್ಲರು. ಕೋಟದಲ್ಲಿ 1902ರಲ್ಲಿ ಹುಟ್ಟಿ ಬಾಳಿನ ಕೊನೆಯ ವರ್ಷಗಳನ್ನು ಇಲ್ಲಿ ಕಳೆದ ಶಿವರಾಮ ಕಾರಂತರು ಕಾದಂಬರಿಗಳ ಜೊತೆಗೆ ‘ಸಿರಿಗನ್ನಡ ಅರ್ಥಕೋಶ’ವೆಂಬ ನಿಘಂಟನ್ನೂ ರಚಿಸಿದವರು, ನಿಘಂಟುಕಾರನೊಬ್ಬ ನೆಲೆಸಿದ ಈ ಊರಿನ ಹೆಸರಿನ ಮೊದಲ ಎರಡು ಅಕ್ಷರಗಳು ನಿಘಂಟುಕಾರರಿಗೆ ತಲೆನೋವು ತರುವ ಜಾತಿಗೆ ಸೇರಿದವು ಎಂಬುದು ಒಂದು ಸೊಗಸಾದ ಕಾಕತಾಳೀಯ. ‘ಸಾಲ’, ‘ಸಾಲಿ’, ‘ಸಾಲು’, ‘ಶಾಲೆ’ ಎಂದು ರೂಪ ಬದಲಿಸುತ್ತ ಹತ್ತಾರು ಭಾಷೆಗಳಲ್ಲಿ ಕಾಣಿಸಿಕೊಳ್ಳುವ ಈ ಸದ್ದು ಎಲ್ಲೆಡೆ ಒಂದೇ ಪದವಲ್ಲ. ಕೇಳಲು ಒಂದೇ ಆದವುಗಳಲ್ಲಿ ಹಲವಕ್ಕೆ ಪರಸ್ಪರ ಸಂಬಂಧವಿಲ್ಲ, ನಿಜವಾದ ನಂಟರು ಬೇರೆಯೇ ವೇಷದಲ್ಲಿದ್ದಾರೆ.

ಊರಿನ ಹೆಸರಿಗೆ ಭಕ್ತರು ಕೊಡುವ ಕಾರಣ ಸರಳವಾದುದು: ಇಲ್ಲಿನ ನರಸಿಂಹ ಮೂರ್ತಿ ಸಾಲಿಗ್ರಾಮ ಶಿಲೆಯದು, ಆದುದರಿಂದ ಊರು ಸಾಲಿಗ್ರಾಮ. ವಿಷ್ಣುವಿನ ರೂಪವೆಂದು ಪೂಜೆಗೊಳ್ಳುವ ಸಾಲಿಗ್ರಾಮವು ನೇಪಾಳದ ಗಂಡಕಿ ನದಿಯ ಪಾತ್ರದಲ್ಲಿ ಸಿಗುವ ಕರಿಯ ಕಲ್ಲು. ಅದರೊಳಗಿನ ಚಕ್ರಗಳನ್ನು ವಜ್ರಕೀಟವೆಂಬ ಹುಳು ಕೊರೆಯುತ್ತದೆ ಎಂಬುದು ಪರಂಪರೆಯ ನಂಬಿಕೆಯಾದರೆ, ಹಿಮಾಲಯ ಮೇಲೇಳುವ ಮೊದಲು ಅಲ್ಲಿ ಹರಡಿದ್ದ ಟೆಥಿಸ್ ಎಂಬ ಕಡಲಿನಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ, ಸುರುಳಿ ಚಿಪ್ಪಿನ ಅಮ್ಮೊನೈಟ್ ಜೀವಿಗಳ ಅಚ್ಚುಗಳು ಅವು ಎಂಬುದು ಭೂವಿಜ್ಞಾನದ ವಿವರಣೆ. ಆದರೆ ಸಂಸ್ಕೃತದಲ್ಲಿ ‘ಶಾಲಗ್ರಾಮ’ ಎಂಬುದು ಗಂಡಕಿಯ ದಂಡೆಯ ಒಂದು ಊರಿನ ಹೆಸರೂ ಹೌದು. ಹಾಗೆಂದರೆ ಅಲ್ಲಿ ಊರಿನಿಂದ ಕಲ್ಲಿಗೆ ಹೆಸರು ಬಂದಿತು, ಐತಿಹ್ಯವನ್ನು ನಂಬುವುದಾದರೆ ಇಲ್ಲಿ ಕಲ್ಲಿನಿಂದ ಊರಿಗೆ.

ಗಂಡಕಿಯ ಆ ಊರಿನ ‘ಶಾಲ’ ಏನೆಂದು ಹುಡುಕಿದರೆ ಸಂಸ್ಕೃತ ಮೂರು ಬಾಗಿಲುಗಳನ್ನು ತೆರೆಯುತ್ತದೆ. ಹ್ರಸ್ವಾಂತವಾದ ‘ಶಾಲ’ ಒಂದು ಮರ, ದೀರ್ಘಾಂತವಾದ ‘ಶಾಲಾ’ ಮನೆ ಅಥವಾ ಚಾವಡಿ, ಇಕಾರಾಂತವಾದ ‘ಶಾಲಿ’ ಬತ್ತ. ಮೂಲದ ರೂಪ ಹೆಚ್ಚಾಗಿ ‘ಶಾಲಗ್ರಾಮ’ವೆಂದೇ ಇರುವುದರಿಂದ ಶಾಲವೃಕ್ಷಗಳ ಊರು ಎಂಬ ಅರ್ಥವೇ ಹೆಚ್ಚು ಒಪ್ಪುವಂಥದ್ದು, ಹಿಮಾಲಯದ ತಪ್ಪಲು ಆ ಮರದ ಸಹಜ ನೆಲೆ, ಬುದ್ಧನ ಜನನವನ್ನೂ ಪರಿನಿರ್ವಾಣವನ್ನೂ ಬೌದ್ಧ ಪರಂಪರೆ ಶಾಲವೃಕ್ಷಗಳ ನಡುವೆಯೇ ಇಟ್ಟಿದೆ. ಕರಾವಳಿಯಲ್ಲಿ ಆ ಮರವಿಲ್ಲ, ಆದರೆ ಅದೇ ಸಸ್ಯ ಕುಟುಂಬಕ್ಕೆ ಸೇರಿದ, ರಾಳ ಸುರಿಸುವ ಧೂಪದ ಮರ ಪಶ್ಚಿಮ ಘಟ್ಟದಲ್ಲಿದ್ದು ಅದನ್ನು ಸಾಲುಧೂಪವೆಂದೂ ಕರೆಯುತ್ತಾರೆ. ಹಳಗನ್ನಡಕ್ಕೆ ತನ್ನದೇ ಆದ ಶಕಾರವಿರಲಿಲ್ಲ. ಸಂಸ್ಕೃತ ಪದವನ್ನು ಕನ್ನಡದ ಬಾಯಿಗೆ ಒಗ್ಗಿಸಿದಾಗ, ಅಂದರೆ ತದ್ಭವವಾಗಿಸಿದಾಗ, ಶಕಾರ ಸಕಾರವಾಗುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳನ್ನೇ ವಿವರಿಸಿದ್ದಾನೆ. ಮೂರು ಬಾಗಿಲುಗಳೂ ಒಂದೇ ಅಂಗಳಕ್ಕೆ ತೆರೆದುಕೊಂಡುದು ಹೀಗೆ.

ಕೋಟ, ಸಾಲಿಗ್ರಾಮದ ಬೈಲುಗಳನ್ನು ನೋಡಿದವರಿಗೆ ಬತ್ತದ ಅರ್ಥವೇ ಮೊದಲು ಹೊಳೆದರೆ ಅದರಲ್ಲಿ ತಪ್ಪಿಲ್ಲ. ಆಯುರ್ವೇದದ ಗ್ರಂಥಗಳು ಬತ್ತವನ್ನು ಚಳಿಗಾಲಕ್ಕೆ ಕಟಾವಿಗೆ ಬರುವ ಶಾಲಿ, ಮಳೆಗಾಲದ ವ್ರೀಹಿ, ಅರುವತ್ತು ದಿನಗಳಲ್ಲಿ ಮಾಗುವ ಷಷ್ಟಿಕ ಎಂದು ವಿಂಗಡಿಸುತ್ತವೆ. ಶಾಲಿ ಎಂಬ ಮಾತು ಗ್ರಂಥಗಳಲ್ಲೇ ಒಣಗಿ ಹೋಗದೆ ತಳಿಗಳ ಹೆಸರಿನಲ್ಲಿ ಇಂದಿಗೂ ಉಸಿರಾಡುತ್ತಿದೆ: ಪರಿಮಳದ ಅಕ್ಕಿ ಕೊಡುವ ನಮ್ಮ ಗಂಧಸಾಲೆ, ವಯನಾಡಿನ ಗಂಧಕಶಾಲ ಮತ್ತು ಜೀರಕಶಾಲ ಇವೆಲ್ಲದರ ಕೊನೆಯಲ್ಲಿರುವುದು ಇದೇ ಶಾಲಿ. ಕುಂದಾಪುರದ ಬಳಿಯ ಬಸರೂರು ಅಕ್ಕಿಯ ರಫ್ತಿಗೆ ಹೆಸರಾಗಿದ್ದ ಬಂದರು. 1569ರಲ್ಲಿ ಅಲ್ಲಿ ನೆಲೆಯೂರಿದ ಪೋರ್ಚುಗೀಸರು ಈ ಸೀಮೆಯ ಅಕ್ಕಿಯನ್ನು ಗೋವೆಗೂ ಮಸ್ಕತ್ತಿಗೂ ಸಾಗಿಸಿದರು.

ಅಕ್ಕಿಯನ್ನು ಕೊಂಡೊಯ್ದವರು ತಮ್ಮದೇ ಎರಡು ಪದಗಳನ್ನು ಇಟ್ಟುಕೊಂಡು ಬಂದಿದ್ದರು. ಅವರ ಭಾಷೆಯಲ್ಲಿ ‘ಸಾಲ್’ ಎಂದರೆ ಉಪ್ಪು, ‘ಸಾಲಾ’ ಎಂದರೆ ಮನೆಯ ದೊಡ್ಡ ಕೋಣೆ. ಗೋವೆಯ ಕ್ರೈಸ್ತ ಮನೆಗಳ ಕೊಂಕಣಿಯಲ್ಲಿ ನಡುಮನೆಗೆ ಇಂದಿಗೂ ಆ ಹೆಸರಿದೆ. ಚಾವಡಿಯ ಅರ್ಥವುಳ್ಳ ಸಂಸ್ಕೃತದ ಶಾಲಾ, ಪೋರ್ಚುಗೀಸರ ಸಾಲಾ ಎರಡೂ ಒಂದೇ ಬೇರಿನವು ಎಂದು ಯಾರಿಗಾದರೂ ಅನ್ನಿಸಬೇಕು, ಅವು ಹಾಗಲ್ಲ. ಪೋರ್ಚುಗೀಸರ ಪದ ಜರ್ಮ್ಯಾನಿಕ್ ಎಂಬ ಉತ್ತರ ಯೂರೋಪಿನ ಭಾಷಾವರ್ಗದಿಂದ ಎರವಲು ಬಂದುದು, ಫ್ರೆಂಚರ ‘ಸಾಲ್’, ಜರ್ಮನರ ‘ಜಾಲ್’ ಅದರ ಒಡಹುಟ್ಟುಗಳು. ಸಂಸ್ಕೃತದ ಶಾಲೆಯನ್ನು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ‘ಮರೆಮಾಡು, ಹೊದಿಸು’ ಎಂಬ ಅರ್ಥದ ಬೇರೊಂದು ಮೂಲಕ್ಕೆ ಒಯ್ದು, ಇಂಗ್ಲಿಷಿನ ‘ಹಾಲ್’ ಮತ್ತು ಲ್ಯಾಟಿನ್ನಿನ ‘ಕೆಲ್ಲಾ’ ಅದರ ದಾಯಾದಿಗಳೆಂದು ಗುರುತಿಸುತ್ತಾರೆ. ಮದುವೆ ಹಾಲ್ ಎಂದು ಎಲ್ಲರೂ ಅನ್ನುವಾಗ ಕಲ್ಯಾಣಶಾಲೆಯ ನಂಟನನ್ನೇ ಹೆಸರು ಹಿಡಿದು ಕರೆದಂತಾಯಿತು.

ಇದೇ ಶಾಲೆ ಪೂರ್ವಕ್ಕೂ ಹಡಗು ಹತ್ತಿತು. ಥಾಯ್ ಭಾಷೆಯಲ್ಲಿ ‘ಸಾಲಾ’ ಎಂದರೆ ದಾರಿಹೋಕರು ಕೂರುವ ತೆರೆದ ಮಂಟಪ. ಕಾಂಬೋಡಿಯಾದ ಖ್ಮೇರ್ ಭಾಷೆಯಲ್ಲಿ ಅದು ಮಕ್ಕಳು ಕಲಿಯುವ ಜಾಗ. ಕನ್ನಡದಲ್ಲೂ ಪಾಕಶಾಲೆ, ಗೋಶಾಲೆ, ಯಜ್ಞಶಾಲೆ ಎಂಬ ಜೋಡುಪದಗಳಲ್ಲಿ ಉಳಿದಿರುವ ಹಳೆಯ ಅರ್ಥವನ್ನು ಪಾಠಶಾಲೆ ತಿಂದುಹಾಕಿದ್ದರಿಂದ ಬರಿಯ ‘ಶಾಲೆ’ ಎಂದರೆ ಓದುವ ಜಾಗವೆಂದಷ್ಟೇ ತಿಳಿಯುವಂತಾಯಿತು. ಕುಂದಗನ್ನಡವು ಮನೆಯನ್ನು ‘ಮನಿ’ ಮಾಡಿದಂತೆ ಶಾಲೆಯನ್ನು ‘ಶಾಲಿ’ ಮಾಡುತ್ತದೆ. ಹೀಗಾಗಿ ಸಾಲಿಗ್ರಾಮದ ಮಗು ಹೋಗುವ ಶಾಲಿಗೂ ಆಯುರ್ವೇದ ಗ್ರಂಥಕಾರ ಚರಕನ ಶಾಲಿಗೂ ಉಚ್ಚಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇವೆಲ್ಲಕ್ಕಿಂತ ಮೋಸಗೊಳಿಸುವುದು ಸರಕಾರಿ ಕಡತದ ‘ಸಾಲು’. ‘ಪ್ರಸಕ್ತ ಸಾಲಿನ ಮುಂಗಡಪತ್ರ’ ಎಂದು ಓದುವವರು ಇದನ್ನು ಮರಗಳ ಸಾಲು, ನೇಗಿಲ ಸಾಲುಗಳ ಅಚ್ಚಗನ್ನಡ ಪದವೆಂದೇ ತಿಳಿದಿರುತ್ತಾರೆ. ವಾಸ್ತವದಲ್ಲಿ ಇದು ವರ್ಷವೆಂಬ ಅರ್ಥದ ಪಾರಸಿಯ ‘ಸಾಲ್’, ಕಂದಾಯದ ಲೆಕ್ಕಪತ್ರಗಳ ಜೊತೆಗೆ ಬಂದುದು. 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಈ ಜಿಲ್ಲೆಯಲ್ಲಿ ಜುಲೈ 1ರಿಂದ ಆರಂಭವಾಗುತ್ತಿದ್ದ ಕಂದಾಯ ವರ್ಷದ ಹೆಸರು ಫಸಲಿ. ಅದರಲ್ಲಿರುವುದು ಅರಬ್ಬಿಯ ‘ಫಸ್ಲ್’, ನಮ್ಮ ಫಸಲು. ಪಾರಸಿಯ ಸಾಲ್‌ಗೆ ಸಂಸ್ಕೃತದಲ್ಲಿ ಸಮಾನಮೂಲದ ಪದವೊಂದಿದೆ, ಆದರೆ ಅದು ಶಾಲವೂ ಅಲ್ಲ, ಶಾಲಿಯೂ ಅಲ್ಲ, ‘ಶರದ್’. ವೇದಕಾಲದವರು ಆಯುಸ್ಸನ್ನು ಶರದೃತುಗಳಲ್ಲಿ ಎಣಿಸುತ್ತಿದ್ದುದನ್ನು ನೆನೆದರೆ ಈ ನಂಟು ಬೆರಗು ಹುಟ್ಟಿಸುವುದಿಲ್ಲ. ತೀರಿಸಬೇಕಾದ ‘ಸಾಲ’ವಾದರೋ ಕನ್ನಡ ಮತ್ತು ತುಳುವಿನದು, ತಮಿಳರು ಅದಕ್ಕೆ ಕಡನ್, ತೆಲುಗರು ಅಪ್ಪು ಎನ್ನುತ್ತಾರೆ. ಸೊಸೈಟಿಯ ರಸೀದಿಯಲ್ಲಿ ‘ಈ ಸಾಲಿನ ಬೆಳೆ ಸಾಲ’ ಎಂದು ಬರೆದಾಗ ಪಾರಸಿಯೂ ದ್ರಾವಿಡವೂ ಒಂದೇ ಪದದ ಅಂತರದಲ್ಲಿ ಕೂತಿರುತ್ತವೆ.

ನೇಕಾರನೆಂಬ ಅರ್ಥದ ಸಾಲಿಗ ಎಂಬ ಕನ್ನಡ ಪದವೂ ತಮಿಳು, ಮಲಯಾಳಗಳ ಚಾಲಿಯನ್ ಎಂಬುದೂ ಇನ್ನೊಂದು ಕುಟುಂಬ. ಹಿಂದಿಯಲ್ಲಿ ಬೈಗುಳವಾಗಿಬಿಟ್ಟಿರುವ ‘ಸಾಲಾ’ ಹೆಂಡತಿಯ ಸಹೋದರ, ಸಂಸ್ಕೃತದ ಶ್ಯಾಲನ ಮಗ. ಲಿಥುವೇನಿಯಾದವರಿಗೆ ಸಾಲಾ ಎಂದರೆ ದ್ವೀಪ, ಸ್ವಾಹಿಲಿ ಆಡುವವರಿಗೆ ಅರಬ್ಬಿಯಿಂದ ಬಂದ ಪ್ರಾರ್ಥನೆ. ಇಷ್ಟು ದೂರ ಹೋದ ಮೇಲೆ ಹೋಲಿಕೆಗೆ ಬೆಲೆಯಿಲ್ಲ. ಕೆಲವೇ ಧ್ವನಿಗಳಿಂದ ಸಾವಿರಾರು ಪದಗಳನ್ನು ಕಟ್ಟುವ ಭಾಷೆಗಳಲ್ಲಿ ಎರಡಕ್ಷರದ ಪದಗಳು ಒಂದನ್ನೊಂದು ಹೋಲದಿದ್ದರೆ ಅದೇ ಅಚ್ಚರಿ.

ಉಪ್ಪಿನ ಸಾಲ್ ಮಾತ್ರ ಸುತ್ತಿ ಬಳಸಿ ಸಾಲಿಗ್ರಾಮ ಶಿಲೆಯ ಬಳಿಗೇ ಬರುತ್ತದೆ. ಈಜಿಪ್ಟಿನ ಅಮ್ಮೊನ್ ದೇವನಿಗೆ ಟಗರಿನ ಕೊಂಬುಗಳಿದ್ದವು. ಸುರುಳಿ ಚಿಪ್ಪಿನ ಕಲ್ಲುಗಳು ಆ ಕೊಂಬನ್ನು ಹೋಲುತ್ತವೆಂದು ರೋಮನರು ಅವನ ಹೆಸರಿಟ್ಟುದರಿಂದ ಅಮ್ಮೊನೈಟ್ ಎಂಬ ಪದ ಹುಟ್ಟಿತು. ಲಿಬಿಯಾದ ಮರುಭೂಮಿಯಲ್ಲಿದ್ದ ಅವನ ಗುಡಿಯ ಸುತ್ತ ದೊರೆಯುತ್ತಿದ್ದ ಲವಣಕ್ಕೆ ಲ್ಯಾಟಿನ್ನಿನಲ್ಲಿ ‘ಸಾಲ್ ಅಮ್ಮೋನಿಯಾಕುಸ್’, ಅಮ್ಮೊನ್ನನ ಉಪ್ಪು ಎಂಬ ಹೆಸರಾಯಿತು. ಅಮೋನಿಯ ಎಂಬುದು ಅದರ ಮೊಮ್ಮಗು. ಮುಂದೆ ಆ ಹೆಸರು ಅಂಟಿಕೊಂಡ ಅಮೋನಿಯಂ ಕ್ಲೋರೈಡನ್ನು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು ನವಸಾಗರವೆಂದು ಕರೆಯುತ್ತಾರೆ. ಅದು ಪಾರಸಿಯ ‘ನೌಶಾದರ್’ ಭಾರತದ ಬಾಯಲ್ಲಿ ಕಂಡ ರೂಪ. ಹೆಸರಿನಲ್ಲಿ ಸಾಗರವಿದ್ದರೂ ಕಡಲಿಗೂ ಅದಕ್ಕೂ ಸಂಬಂಧವಿಲ್ಲ, ಕಡಲಿನಿಂದ ನಿಜವಾಗಿ ಬಂದುದು ದೇವರ ಪೀಠದ ಮೇಲಿನ ಕಲ್ಲು.