ಮೂತ್ರಪರೀಕ್ಷೆಯೂ ಸೋಂಕಿನ ನಿರ್ಣಯವೂ: ಕೊಡಗಿನ ಸಂದರ್ಭದಲ್ಲಿ ಒಂದು ವಿವೇಚನೆ

ಮೂತ್ರ ವಿಸರ್ಜಿಸುವಾಗ ಉರಿ ಮತ್ತು ಪದೇ ಪದೇ ಮೂತ್ರಶಂಕೆ, ಇವು ಎರಡು ಬೇರೆ ಬೇರೆ ಬಗೆಯ ಸೋಂಕುಗಳಲ್ಲಿ ಕಾಣಬರುವ ಲಕ್ಷಣಗಳು. ಮೊದಲನೆಯದು ಮೂತ್ರಾಶಯದಲ್ಲಿ ನೆಲಸುವ ಸಾಮಾನ್ಯ ಸೂಕ್ಷ್ಮಜೀವಿಗಳಿಂದ ಉಂಟಾದುದು; ಎರಡನೆಯದು ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ, ಕ್ಲಮೈಡಿಯಾ ಮೊದಲಾದುವು. ರೋಗಿಯ ಮಾತೊಂದರಿಂದಲೇ ಇವನ್ನು ಬೇರ್ಪಡಿಸುವುದು ಸುಲಭವಲ್ಲ. ಮೂತ್ರಪರೀಕ್ಷೆಯಿಂದ ಎರಡನ್ನೂ ತಿಳಿಯಬಹುದೆಂಬ ಮಾತು ನಿಜ. ಆದರೆ ಎರಡಕ್ಕೂ ಬೇಕಾದ ಮೂತ್ರದ ಭಾಗ ಒಂದೇ ಅಲ್ಲ. ಈ ವ್ಯತ್ಯಾಸವನ್ನು ವಿಶದಪಡಿಸುವುದೇ ನಮ್ಮ ಉದ್ದೇಶ.

ಕೊಡಗಿನಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವಿದೆ. ಚಳಿಗಾಲದ ಕಾಫಿ ಕೊಯ್ಲಿನಲ್ಲಿ ಹೆಂಗಸರು ದಿನವಿಡೀ ತೋಟದಲ್ಲಿರುವರು. ಶೌಚಗೃಹ ಹತ್ತಿರವಿಲ್ಲದೆಡೆ ನೀರನ್ನು ಕಡಮೆ ಕುಡಿದು, ಮೂತ್ರವನ್ನು ಬಹಳ ಹೊತ್ತು ತಡೆದುಕೊಳ್ಳುವುದು ಅನಿವಾರ್ಯವಾಗುವುದು. ಆಗ ಮೂತ್ರಾಶಯದೊಳಗೆ ಸೇರಿದ ಸೂಕ್ಷ್ಮಜೀವಿಗಳು ಹೊರಬೀಳದೆ ಬೆಳೆಯಲು ಅವಕಾಶ ದೊರೆಯುವುದು. ಇತ್ತ ಲೈನ್‌ಮನೆಗಳಲ್ಲಿ ಒಬ್ಬರ ಕಾಯಿಲೆ ಹತ್ತು ಜನರ ಬಾಯಿಗೆ ಬೀಳುವುದರಿಂದ, ಎರಡನೆಯ ಬಗೆಯ ಸೋಂಕನ್ನು ಮುಚ್ಚಿಡುವವರೇ ಹೆಚ್ಚು. ಒಂದನ್ನು ಇನ್ನೊಂದೆಂದು ಎಣಿಸಿದರೆ ನಿರಪರಾಧಿಗೆ ಕಳಂಕ ತಟ್ಟಬಹುದು. ಇಲ್ಲವೆ ನಿಜವಾದ ರೋಗ ಸಂಗಾತಿಗೂ ಹರಡಬಹುದು.

ಮೊದಲು ಮೂತ್ರಾಶಯದ ಸೋಂಕನ್ನು ಪರಿಶೀಲಿಸೋಣ. ಇದಕ್ಕೆ ಬಹುಮಟ್ಟಿಗೆ ಕಾರಣ ಕರುಳಿನಲ್ಲಿ ಸಹಜವಾಗಿ ವಾಸಿಸುವ ಇ. ಕೋಲಿ ಎಂಬ ಸೂಕ್ಷ್ಮಜೀವಿ. ಮೂತ್ರದ್ವಾರದ ಸುತ್ತಲ ಚರ್ಮದ ಮೇಲೂ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಆದುದರಿಂದ ಆ ಭಾಗವನ್ನು ನೀರಿನಿಂದ ತೊಳೆದು, ಮೊದಲು ಬರುವ ಮೂತ್ರವನ್ನು ಹೊರಗೆ ಬಿಟ್ಟು, ನಡುವಣ ಧಾರೆಯನ್ನು ಮಾತ್ರ ಶುದ್ಧವಾದ ಸೀಸೆಯಲ್ಲಿ ಹಿಡಿಯಬೇಕು. ಹೀಗೆ ಮಾಡಿದರೂ ಕೆಲವು ಜೀವಿಗಳು ಸೇರುವುದುಂಟು. ಸೋಂಕನ್ನು ಇಂತಹ ಬೆರಕೆಯಿಂದ ಬೇರ್ಪಡಿಸಲು, ಅಮೆರಿಕದ ಎಡ್ವರ್ಡ್ ಕಾಸ್ ಎಂಬ ವೈದ್ಯವಿಜ್ಞಾನಿ 1956ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಂದು ಮಿಲಿಲೀಟರಿಗೆ 1,00,000 ಜೀವಿಗಳೆಂಬ ಎಲ್ಲೆಯನ್ನು ಮುಂದಿಟ್ಟನು. ಈ ಎಲ್ಲೆ ಇಂದಿಗೂ ಬಳಕೆಯಲ್ಲಿದೆ. ಆದರೆ ಸ್ಪಷ್ಟ ಲಕ್ಷಣಗಳಿರುವ ಸ್ತ್ರೀಯರಲ್ಲಿ ಇದಕ್ಕಿಂತ ಬಹಳ ಕಡಮೆಯ ಎಣಿಕೆಯೂ ಸೋಂಕನ್ನು ಸೂಚಿಸಬಹುದು.

ಎಣಿಕೆಯ ಶತ್ರು ಕಾಲವಿಳಂಬ. ಅನುಕೂಲವಾದ ಬೆಚ್ಚನೆಯಲ್ಲಿ ಇ. ಕೋಲಿ ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುವುದು. ಆ ಲೆಕ್ಕದಲ್ಲಿ ಮಿಲಿಲೀಟರಿಗೆ 1,000 ಇದ್ದ ಜೀವಿಗಳು 140 ನಿಮಿಷಗಳಲ್ಲಿ 1,28,000 ಆಗುವುವು; ಆರೋಗ್ಯವಂತರ ಮೂತ್ರವೂ ರೋಗಿಯದೆಂದು ತೋರುವುದು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆದರೆ ಭಾಗಮಂಡಲ, ಬಿರುನಾಣಿಗಳ ಕಡೆಯಿಂದ ಮಳೆಗಾಲದ ಘಾಟಿರಸ್ತೆಯಲ್ಲಿ ಸೀಸೆ ಅಲ್ಲಿಗೆ ತಲಪುವ ವೇಳೆಗೆ ಎರಡು ಗಂಟೆ ಮೀರುವುದು ಅಪರೂಪವೇನಲ್ಲ. ಕೊಡಗಿನ ಚಳಿಯನ್ನು ನಂಬುವಂತಿಲ್ಲ. ಅದು ಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸಬಹುದೇ ಹೊರತು ನಿಲ್ಲಿಸಲಾರದು. ಎರಡು ಗಂಟೆಯೊಳಗೆ ತಲಪಿಸಲಾಗದಿದ್ದರೆ 4 ಡಿಗ್ರಿ ಸೆಲ್ಸಿಯಸ್‌ನ ಶೀತದಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷಿಸಬೇಕು; ಇಲ್ಲವೆ ಬೋರಿಕ್ ಆಮ್ಲವಿರುವ ಸೀಸೆಯನ್ನು ಬಳಸಬೇಕು.

ಗ್ರಾಮದ ಆರೋಗ್ಯಕೇಂದ್ರಗಳಿಗೆ ಅನುಕೂಲವಾದುದು ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ. ಅದರ ಒಂದು ಚೌಕ ಬಿಳಿಯ ರಕ್ತಕಣಗಳ ಕಿಣ್ವವನ್ನೂ, ಇನ್ನೊಂದು ನೈಟ್ರೈಟನ್ನೂ ತೋರಿಸುವುದು. ನೈಟ್ರೈಟಿನ ಬಣ್ಣಕ್ಕೆ ಆಧಾರ ಪೀಟರ್ ಗ್ರೀಸ್ ಎಂಬ ರಸಾಯನವಿಜ್ಞಾನಿ 1879ರಲ್ಲಿ ವರ್ಣಿಸಿದ ಕ್ರಿಯೆ. ಇ. ಕೋಲಿಯಂತಹ ಜೀವಿಗಳು ಮೂತ್ರದ ನೈಟ್ರೇಟನ್ನು ನೈಟ್ರೈಟನ್ನಾಗಿ ಮಾರ್ಪಡಿಸುವುವು. ಇದಕ್ಕೆ ಮೂತ್ರ ಸುಮಾರು ನಾಲ್ಕು ಗಂಟೆ ಮೂತ್ರಾಶಯದಲ್ಲಿರಬೇಕು. ಎಲ್ಲ ಜೀವಿಗಳಿಗೂ ಈ ಶಕ್ತಿಯಿಲ್ಲ. ಆದುದರಿಂದ ಬಣ್ಣ ಬಾರದಿದ್ದ ಮಾತ್ರಕ್ಕೆ ಸೋಂಕಿಲ್ಲವೆಂದು ತೀರ್ಮಾನಿಸಬಾರದು.

ಇನ್ನು ಎರಡನೆಯ ಬಗೆಯ ಸೋಂಕು. ಕ್ಲಮೈಡಿಯಾ ಜೀವಕೋಶಗಳ ಒಳಗೆ ಮಾತ್ರ ಬೆಳೆಯಬಲ್ಲುದು. ಗೊನೋರಿಯಾದ ಜೀವಿಗೆ ವಿಶೇಷ ಪೋಷಕ ಮಾಧ್ಯಮ ಬೇಕು. ಸಾಮಾನ್ಯ ಕೃಷಿತಟ್ಟೆಯಲ್ಲಿ ಇವು ಬೆಳೆಯವು. ಇವನ್ನು ಪತ್ತೆಹಚ್ಚುವುದು ಅವುಗಳ ನ್ಯೂಕ್ಲಿಯಿಕ್ ಆಮ್ಲವನ್ನು ಅನೇಕ ಪಟ್ಟು ವೃದ್ಧಿಗೊಳಿಸುವ ಪರೀಕ್ಷೆಯಿಂದ. ಈ ಜೀವಿಗಳು ಮೂತ್ರ ಹೊರಬರುವ ನಾಳದ ಗೋಡೆಯಲ್ಲಿರುವುದರಿಂದ, ಅಲ್ಲಿಂದ ಅವನ್ನು ತೊಳೆದು ತರುವ ಮೊದಲ ಧಾರೆಯೇ ಬೇಕು. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಆ ಭಾಗವನ್ನು ತೊಳೆಯದೆ, ಮೊದಲ 20ರಿಂದ 30 ಮಿಲಿಲೀಟರನ್ನು ಹಿಡಿಯಬೇಕು. ಒಂದು ಪರೀಕ್ಷೆಯಲ್ಲಿ ಚೆಲ್ಲಬೇಕಾದ ಭಾಗವೇ ಇನ್ನೊಂದರಲ್ಲಿ ಮುಖ್ಯವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಸ್ತ್ರೀಯರಲ್ಲಿ ಮೂತ್ರಕ್ಕಿಂತ ಯೋನಿಯ ಸ್ರಾವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪರೀಕ್ಷಿಸುವುದು ಹೆಚ್ಚು ವಿಶ್ವಾಸಾರ್ಹ. ಸಿಫಿಲಿಸ್ ಮತ್ತು ಎಚ್.ಐ.ವಿ.ಗಳಿಗೆ ರಕ್ತಪರೀಕ್ಷೆಯೇ ಆಗಬೇಕು.

ನಡುವಣ ಧಾರೆಯಲ್ಲಿ ಬಿಳಿಯ ರಕ್ತಕಣಗಳು ಹೇರಳವಾಗಿದ್ದು, ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ಅದನ್ನು ಕಡೆಗಣಿಸುವುದು ದೊಡ್ಡ ತಪ್ಪು. ಆಗಲೇ ಪ್ರತಿಜೀವಕ ಔಷಧ ಸೇವಿಸಿರುವುದು, ಕ್ಲಮೈಡಿಯಾ, ಗೊನೋರಿಯಾ, ಮೂತ್ರಾಂಗಗಳ ಕ್ಷಯ ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಾಗಿರಬಹುದು. ಚಿಕಿತ್ಸೆಯಿಲ್ಲದೆ ಉಳಿದ ಕ್ಲಮೈಡಿಯಾ ಸ್ತ್ರೀಯರಲ್ಲಿ ಗರ್ಭನಾಳಗಳನ್ನು ಕೆಡಿಸಿ ಬಂಜೆತನವನ್ನು ತರಬಲ್ಲುದು. ಮೇಲೆ ಹೇಳಿದ ವೃದ್ಧಿಪರೀಕ್ಷೆ ಎಲ್ಲೆಡೆಯೂ ದೊರೆಯದಿರುವುದರಿಂದ, ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣಗಳನ್ನು ಆಧರಿಸಿ ಚಿಕಿತ್ಸೆ ನೀಡುವ ಕ್ರಮವಿದೆ. ಸಂಗಾತಿಗೂ ಚಿಕಿತ್ಸೆಯಾಗಬೇಕೆಂಬುದು ಅದರ ಅಂಗ.

ಯಂತ್ರ ಎಷ್ಟು ಸೂಕ್ಷ್ಮವಾಗಿದ್ದರೂ ಸೀಸೆಯಲ್ಲಿಲ್ಲದುದನ್ನು ಕಾಣಲಾರದು. ಕೊಡವ, ಅರೆಭಾಷೆ, ಯರವ, ಮಲೆಯಾಳ, ತಮಿಳು ಮಾತನಾಡುವವರೂ, ಅಸ್ಸಾಮಿನಿಂದ ಬಂದ ಕೂಲಿಗಾರರೂ ಇರುವ ಈ ಜಿಲ್ಲೆಯಲ್ಲಿ, ಯಾವ ಧಾರೆಯನ್ನು ಹೇಗೆ ಹಿಡಿಯಬೇಕೆಂದು ಅವರವರ ಮಾತಿನಲ್ಲಿ, ಮರೆಯಾದ ಸ್ಥಳದಲ್ಲಿ, ಸಂಕೋಚಪಡಿಸದೆ ತಿಳಿಸುವುದು ಪರೀಕ್ಷೆಯ ಮೊದಲನೆಯ ಹಂತ. ಸೀಸೆಯ ಮೇಲೆ ಹಿಡಿದ ವೇಳೆಯನ್ನೂ ಧಾರೆಯ ಭಾಗವನ್ನೂ ಬರೆಯುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಮೊದಲ ದಿನದಿಂದಲೇ ಬೆಳೆಸಿಕೊಳ್ಳಲೆಂದು ನಾವು ಆಶಿಸುತ್ತೇವೆ.